ಅತ್ತೆ ಹೇಳದೆ ಉಳಿಸಿದ ಆಮೆನ್

ನಮ್ಮ ಮನೆಯಲ್ಲಿ ಅತ್ತೆ ಆಮೆನ್ ಹೇಳುವವರೆಗೆ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಮಾವನವರ ಕಾಲದಿಂದ ನಡೆದುಬಂದದ್ದು ಇದು. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರೇ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಬೇಕು, ಅವರ ಆಮೆನ್ ಬಿದ್ದ ಮೇಲೆಯೇ ಬಡಿಸಬೇಕು. ಮಾವ ಇದ್ದಾಗ ಪ್ರಾರ್ಥನೆ ಗೇಣುದ್ದ ಇರುತ್ತಿತ್ತು. ಅವರಿಗೆ ಹಸಿವು ತಡೆಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಆ ಕೆಲಸ ಅತ್ತೆಗೆ ಬಂತು. ಅಲ್ಲಿಂದ ಪ್ರಾರ್ಥನೆ ಮಾರುದ್ದ ಬೆಳೆಯಿತು.

ಬೆಳೆಯಲು ಕಾರಣವಿದೆ. ಅತ್ತೆ ಯಾರನ್ನೂ ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುವವರಲ್ಲ. ಹೇಳಬೇಕಾದದ್ದನ್ನೆಲ್ಲ ದೇವರಿಗೆ ಹೇಳುತ್ತಾರೆ. ನಾವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇವೆ. ಮೊದಮೊದಲು ಒಂದು ದಿನ, “ಕರ್ತನೇ, ನನ್ನ ಸೊಸೆ ಬಂಗಾರದಂಥವಳು. ಉಪ್ಪಿನ ಡಬ್ಬಿ ಹತ್ರ ಹೋದಾಗ ಮಾತ್ರ ಅವಳ ಕೈ ಸ್ವಲ್ಪ ಹಿಡ್ಕೋ” ಅಂದರು. ಕಣ್ಣು ಮುಚ್ಚಿದ್ದರೂ ನನ್ನ ಕಿವಿ ಬಿಸಿಯಾದದ್ದು ನನಗೆ ಗೊತ್ತಾಯಿತು. ಅವತ್ತಿನಿಂದ ಉಪ್ಪು ಹಾಕುವಾಗ ಒಂದು ಸಲ ನಿಲ್ಲುತ್ತೇನೆ. ಈಗಲೂ.

ನಮ್ಮದು ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಸ್ಪಂಜು, ಹೊಸ ಬಟ್ಟೆ ಹಾಕಿಕೊಡುವ ಅಂಗಡಿ. ಕೆಳಗೆ ಕೆಲಸ, ಮೇಲೆ ಮನೆ. ನಮ್ಮವರು ಮೊಳೆ, ಸ್ಪ್ರಿಂಗು, ಪಟ್ಟಿಗಳ ಕೆಲಸ ನೋಡಿಕೊಳ್ಳುತ್ತಾರೆ. ನಾನು ಮಿಷನ್ನಿನಲ್ಲಿ ಕವರು ಹೊಲಿಯುತ್ತೇನೆ. ಅತ್ತೆ ವಯಸ್ಸಿನಲ್ಲಿದ್ದಾಗ ಸ್ಪ್ರಿಂಗು ಕಟ್ಟುತ್ತಿದ್ದರು. ಕುರ್ಚಿಯೊಳಗಿನ ಸ್ಪ್ರಿಂಗುಗಳು ಅತ್ತಿತ್ತ ಜಾರದಂತೆ ಒಂದಕ್ಕೊಂದು ಸೆಣಬಿನ ದಾರದಿಂದ ಬಿಗಿಯುವ ಕೆಲಸ ಅದು. ಕೂತವರ ಭಾರವೆಲ್ಲ ಆ ಗಂಟುಗಳ ಮೇಲೆ. ಈಗ ಅವರ ಬೆರಳು ಬಗ್ಗುವುದಿಲ್ಲ. ಆದರೆ ಕಣ್ಣು ಗಂಟು ನೋಡುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದು ಬಂದು ಅಂಗಡಿಯ ಬಾಗಿಲ ಬಳಿ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಬೀದಿಯಲ್ಲಿ ಹೋಗುವವರ ಶೂ ಲೇಸು, ಪಾರ್ಸೆಲ್ಲಿನ ದಾರ, ಹುಡುಗಿಯರ ಜಡೆ ಎಲ್ಲವನ್ನೂ ನೋಡಿ ಮಾರ್ಕು ಹಾಕುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ. ಅತ್ತೆ ಪ್ರಾರ್ಥನೆಯಲ್ಲಿ ಹೇಳಿದ್ದೆಲ್ಲ ಸರಿ ಇರುತ್ತದೆ ಎಂದಲ್ಲ. ನನ್ನ ಅಣ್ಣ ಒಮ್ಮೆ ಕೆಮ್ಮಿನ ಔಷಧಿ ಕುಡಿದು ಊಟಕ್ಕೆ ಕೂತಾಗ, “ಕರ್ತನೇ, ಇವನನ್ನ ಕುಡಿತದಿಂದ ಬಿಡಿಸು” ಎಂದು ಗೋಗರೆದು ಅವನ ಹೆಂಡತಿಯನ್ನು ಅಳಿಸಿದ್ದರು. ಸತ್ತುಹೋದ ನೆಂಟರಿಗೆ ಒಳ್ಳೆಯ ಕೆಲಸ ಸಿಗಲಿ ಎಂದು ಕೇಳಿಕೊಳ್ಳುತ್ತಾರೆ. ಇತ್ತೀಚೆಗೆ ನಮ್ಮ ಪಾಸ್ಟರು ಊಟಕ್ಕೆ ಬಂದಿದ್ದಾಗ ಆದದ್ದಂತೂ ಚರ್ಚಿನ ಸಭೆಯಲ್ಲೆಲ್ಲ ಹರಡಿತು. “ಪರಲೋಕದ ತಂದೆಯೇ, ನಮ್ಮ ಪಾಸ್ಟರಿಗೆ ಪ್ರಸಂಗ ಶುರು ಮಾಡೋ ವರ ಕೊಟ್ಟಿದ್ದೀಯ, ನಿನಗೆ ಸ್ತೋತ್ರ. ನಿಲ್ಲಿಸೋ ವರಾನೂ ಕೊಟ್ಟುಬಿಡು” ಎಂದರು. ಪಾಸ್ಟರು ನಕ್ಕರು. ನಮ್ಮವರು ನಗಲಿಲ್ಲ.

ಆದ್ದರಿಂದ ಮಗಳ ಮದುವೆಯ ಮಾತಿಗೆ ಹುಡುಗನ ಮನೆಯವರು ಭಾನುವಾರ ಆರಾಧನೆ ಮುಗಿಸಿಕೊಂಡು ಮಧ್ಯಾಹ್ನ ಊಟಕ್ಕೆ ಬರುತ್ತಾರೆ ಎಂದು ಗೊತ್ತಾದ ದಿನವೇ ನನಗೆ ಚಿಂತೆ ಹತ್ತಿಕೊಂಡಿತು. ಹುಡುಗ ಮಗಳೇ ಮೆಚ್ಚಿದವನು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ. ಬೇರೆ ಸಭೆಯವರು. ತಂದೆ, ತಾಯಿ, ಅವನು, ಮೂರೇ ಜನ ಬರುವುದು ಎಂದು ಹೇಳಿದ್ದರು.

ಶನಿವಾರ ಮಧ್ಯಾಹ್ನ ನಮ್ಮವರು ಒಂದು ಹಳೆಯ ಕುರ್ಚಿಯನ್ನು ತಲೆಕೆಳಗು ಮಾಡಿ ಮೊಳೆ ಕೀಳುತ್ತಿದ್ದರು. ಅತ್ತೆ ಮೇಲೆ ಮಲಗಿದ್ದರು. ನಾನು ಮಿಷನ್ನಿನ ಮುಂದಿದ್ದೆ.

“ನಾಳೆ ಅಮ್ಮನಿಗೆ ಮುಂಚೆನೇ ಊಟ ಕೊಟ್ಟು ರೂಮಲ್ಲಿ ಮಲಗಿಸಿಬಿಡು” ಎಂದರು ತಲೆ ಎತ್ತದೆ.

“ಯಾಕೆ?”

“ಯಾಕೆ ಅಂತ ನಿಂಗೊತ್ತಿಲ್ವಾ? ಬೀಗರ ಮುಂದೆ ಅಮ್ಮ ಏನು ಪ್ರಾರ್ಥನೆ ಮಾಡ್ತಾಳೋ ಯಾರಿಗೆ ಗೊತ್ತು. ಹುಡುಗನ ತಾಯಿ ಬಲು ನಾಜೂಕಂತೆ.”

“ಮತ್ತೆ ಪ್ರಾರ್ಥನೆ ಯಾರು ಮಾಡೋದು?”

“ನಾನೇ ಮಾಡ್ತೀನಿ. ಎರಡು ಮಾತು, ಆಮೆನ್, ಬಡಿಸು. ಅಷ್ಟೇ.”

“ಅತ್ತೆ ಕೇಳಿದ್ರೆ?”

“ಸುಸ್ತಾಗುತ್ತೆ, ವಿಶ್ರಾಂತಿ ತಗೋ ಅಂತ ಹೇಳು. ನಾವು ಅವಳ ಒಳ್ಳೇದಕ್ಕೇ ಹೇಳ್ತಿರೋದು.”

ನಾನು ಪೆಡಲಿನ ಮೇಲಿನ ಕಾಲು ತೆಗೆದೆ. ನನಗೆ ಜಗಳ ಆಡಿ ಅಭ್ಯಾಸವಿಲ್ಲ. ಒಂದು ಮಾತು ಆಡುವ ಮುಂಚೆ ಅದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೊಲಿದು ಬಿಚ್ಚುವವಳು ನಾನು. ನಮ್ಮವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆಯಿಂದ ಮಗಳ ಸಂಬಂಧ ಕೆಟ್ಟುಹೋದರೆ ಆ ಪಾಪ ನನ್ನ ತಲೆಗೇ ಬರುವುದು. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕಲ್ಲ. ತಂದೆತಾಯಿಯನ್ನು ಸನ್ಮಾನಿಸು ಎಂದು ನಾವು ಚಿಕ್ಕವರಿದ್ದಾಗಲೇ ಬಾಯಿಪಾಠ ಮಾಡಿದ ಆಜ್ಞೆಯಲ್ಲಿ, ಅವರು ಸರಿಯಾಗಿ ಮಾತಾಡಿದರೆ ಎಂದೋ, ನೆಂಟರ ಮುಂದೆ ಮರ್ಯಾದೆ ಉಳಿಸಿದರೆ ಎಂದೋ ಯಾವ ಷರತ್ತೂ ಇರಲಿಲ್ಲ. ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ.

“ಅತ್ತೆ ರೂಮಲ್ಲಿ ಊಟ ಮಾಡಿದ್ರೆ ನನ್ನ ತಟ್ಟೆನೂ ರೂಮಲ್ಲೇ ಇರುತ್ತೆ” ಎಂದೆ.

ಅವರು ಈಗ ತಲೆ ಎತ್ತಿದರು. “ಬಡಿಸೋದ್ಯಾರು?”

“ನೀವೇ. ಎರಡು ಮಾತು, ಆಮೆನ್, ಬಡಿಸಿ.”

“ತಮಾಷೆ ಮಾಡ್ತಿದೀಯಾ?”

“ಇಲ್ಲ ರೀ. ಪ್ರತಿದಿನ ದೊಡ್ಡವರು ಬೇಕು, ನೆಂಟರು ಬಂದ ದಿನ ಬೇಡ ಅಂದ್ರೆ ಅದು ಹೆಂಗೆ? ಹುಡುಗ ಈ ಮನೆಗೆ ಅಳಿಯ ಆಗೋನು. ಈ ಮನೆ ಹೇಗಿದೆಯೋ ಹಾಗೆ ನೋಡ್ಲಿ.”

ಅವರು ಇಕ್ಕಳವನ್ನು ಕೆಳಗಿಟ್ಟು ಕುರ್ಚಿಯ ಹೊಟ್ಟೆಯನ್ನೇ ನೋಡುತ್ತ ಕೂತರು. ಮೇಲಿನ ಬಟ್ಟೆ ಚಿಂದಿಯಾಗಿತ್ತು, ಸ್ಪಂಜು ಪುಡಿಯಾಗಿ ಉದುರುತ್ತಿತ್ತು. ಸ್ಪ್ರಿಂಗಿನ ಗಂಟುಗಳು ಮಾತ್ರ ಕಚ್ಚಿಕೊಂಡಂತೆ ಇದ್ದವು. ಅತ್ತೆ ಕಟ್ಟಿದ್ದು. ಅವರ ಗಂಟಿನ ಬಾಲ ಯಾವಾಗಲೂ ಎಡಕ್ಕೆ ಮಡಚಿರುತ್ತದೆ.

“ಏನಾದರೂ ಹೆಚ್ಚುಕಮ್ಮಿಯಾದ್ರೆ ನೀನುಂಟು, ನಿನ್ನ ಮಗಳುಂಟು” ಎಂದರು ಕೊನೆಗೆ.

“ಆಯ್ತು” ಎಂದೆ. ಆಮೇಲೆ ಮಿಷನ್ನಿಗೆ ದಾರ ಪೋಣಿಸಿ ಮತ್ತೆ ಹೊಲಿಯತೊಡಗಿದೆ.

ಭಾನುವಾರ ಅವರು ಬಂದರು. ಹುಡುಗನ ತಂದೆ ದಪ್ಪ ದೇಹದ, ಮೆದು ಮಾತಿನವರು. ತಾಯಿ ಇಸ್ತ್ರಿಯ ಗೆರೆ ಮುರಿಯದ ಬಟ್ಟೆ ತೊಟ್ಟು, ಕಣ್ಣಿನ ಕೆಳಗೆ ಕಪ್ಪು ಮೂಡಿದ ಹೆಂಗಸು. ನಮ್ಮವರು ಅವರಿಬ್ಬರನ್ನೂ ಮೇಲೆ ಕರೆದುಕೊಂಡು ಹೋದರು. ಮಗಳು ಮೇಲೆ ತಟ್ಟೆ ಇಡುತ್ತಿದ್ದಳು. ನಾನು ಅತ್ತೆಯನ್ನು ಕರೆತರಲು ಇಳಿದೆ. ಅರ್ಧ ಮೆಟ್ಟಿಲಲ್ಲಿದ್ದಾಗಲೇ ಅತ್ತೆಯ ದನಿ ಕೇಳಿಸಿತು.

“ಇಲ್ಲಿ ಬಾಪ್ಪ. ಬೆಳಕಿಗೆ ಬಾ. ಈ ಗಂಟು ಯಾರು ಹಾಕಿದ್ದು?”

ಹುಡುಗ ಬಾಗಿಲ ಬಳಿ ಅವರ ಮುಂದೆ ಬಗ್ಗಿ ನಿಂತಿದ್ದ. ಅತ್ತೆ ಅವನ ಟೈಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

“ನಮ್ಮ ಅಜ್ಜ, ಅಜ್ಜಿ.”

“ಅಜ್ಜನೋ, ಅಜ್ಜಿಯೋ?”

“ಅಲ್ಲ, ನಿಮ್ಮನ್ನ ಅಜ್ಜಿ ಅಂದೆ. ಕಟ್ಟಿದ್ದು ಅಜ್ಜ. ನನಗೆ ಟೈ ಕಟ್ಟೋಕೆ ಬರಲ್ಲ. ಚಿಕ್ಕಂದಿನಿಂದ ಅವರೇ.”

“ಒಳ್ಳೆ ಕೈ. ಬಿಗಿಯಾಗಿದೆ, ಕತ್ತು ಹಿಸುಕಿಲ್ಲ. ಎಲ್ಲಿ ಅವರು? ಮೇಲೆ ಹೋದ್ರಾ?”

ಹುಡುಗ ಮೆಟ್ಟಿಲ ಕಡೆ ನೋಡಿದ. ನನ್ನನ್ನು ಕಂಡು ಕಣ್ಣು ಇಳಿಸಿದ. “ಮನೇಲಿದಾರೆ. ಅವರಿಗೆ ಮೆಟ್ಟಿಲು ಹತ್ತೋಕಾಗಲ್ಲ.”

“ಹತ್ತೋಕಾಗುತ್ತಾ ಅಂತ ಅವರನ್ನ ಕೇಳಿದ್ರಾ?”

ಅತ್ತೆ ಟೈ ಬಿಡಲಿಲ್ಲ.

“ಬೆಳಿಗ್ಗೆನೇ ಕೋಟು ಹಾಕ್ಕೊಂಡು ರೆಡಿಯಾಗಿ ಕೂತಿದ್ರು” ಎಂದ ಕೊನೆಗೆ. “ನನ್ನ ಟೈ ಕಟ್ಟಿ, ಹೋಗೋಣ್ವಾ ಅಂದ್ರು. ಅಮ್ಮ ಅವರಿಗೆ, ನಾವು ಚರ್ಚಿಗೆ ಹೋಗಿ ಬೇಗ ಬಂದುಬಿಡ್ತೀವಿ ಅಂತ ಹೇಳಿದ್ರು. ಪಕ್ಕದ ಮನೆಯವರು ನೋಡ್ಕೋತಾ ಇರ್ತಾರೆ.”

“ಹಾಗಾ” ಎಂದರು ಅತ್ತೆ. ಟೈ ಬಿಟ್ಟರು. ಅದನ್ನು ಅವನ ಎದೆಯ ಮೇಲೆ ನೇರ ಮಾಡಿದರು.

ಆ ‘ಹಾಗಾ’ ನನಗೆ ಚೆನ್ನಾಗಿ ಗೊತ್ತು. ಅದು ಅಲ್ಲಿಗೆ ಮುಗಿಯುವ ಮಾತಲ್ಲ. ಒಳಗೆ ಹೋಗಿ ಪ್ರಾರ್ಥನೆಗೆ ಸೇರುವ ಮಾತು. ಹುಡುಗ ಮೇಲೆ ಹೋದ. ನಾನು ಅತ್ತೆಯ ಕೈ ಹಿಡಿದು ಎಬ್ಬಿಸಿದೆ. ಮೆಟ್ಟಿಲು ಹತ್ತುವಾಗ ಅವರು ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅಷ್ಟು ಹೊತ್ತೂ ನನಗೆ ಒಂದೇ ಯೋಚನೆ. ಅತ್ತೆ, ಸುಸ್ತಾದ ಹಾಗೆ ಕಾಣ್ತೀರಿ, ಸ್ವಲ್ಪ ಮಲಗಿ ಎಂದು ಈಗ ಒಂದು ಮಾತು ಅಂದರೆ ಸಾಕು. ಅವರು ಮಲಗುತ್ತಾರೆ. ನಮ್ಮವರು ಪ್ರಾರ್ಥನೆ ಮಾಡುತ್ತಾರೆ. ಮದುವೆಯ ತಾರೀಕು ನಿಶ್ಚಯವಾಗಿಬಿಡುತ್ತದೆ. ಆ ಮುದುಕರ ವಿಷಯ ಅವರ ಮನೆಯ ವಿಷಯ.

ಮೇಲೆ ಬಂದಾಗ ರೂಮಿನ ಬಾಗಿಲು ಎಡಗಡೆ, ಊಟದ ಮೇಜು ಬಲಗಡೆ. ಅತ್ತೆ ನಿಂತು ನನ್ನ ಮುಖ ನೋಡಿದರು. ಎತ್ತ ಎಂದು ಕೇಳುವ ಹಾಗೆ. ಮಗ ಶನಿವಾರ ಆಡಿದ ಮಾತು ಅವರಿಗೆ ಹೇಗೆ ತಿಳಿದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಬನ್ನಿ ಅತ್ತೆ, ಎಲ್ಲರೂ ನಿಮಗೋಸ್ಕರ ಕಾಯ್ತಿದಾರೆ” ಎಂದೆ. ಬಲಗಡೆ ನಡೆಸಿದೆ. ಮೇಜಿನ ತಲೆಯ ಕಡೆ ಅವರ ಕುರ್ಚಿ ಎಳೆದು ಕೂರಿಸಿದೆ. ನಮ್ಮವರು ನನ್ನನ್ನು ನೋಡಿದ ನೋಟಕ್ಕೆ ನಾನು ಸೂಪಿನ ಪಾತ್ರೆಯ ಮುಚ್ಚಳ ಸರಿ ಮಾಡುವ ನೆಪ ಹುಡುಕಿಕೊಂಡೆ.

“ನಮ್ಮ ತಾಯಿ” ಎಂದು ಪರಿಚಯಿಸಿದರು ನಮ್ಮವರು. “ವಯಸ್ಸಾಗಿದೆ. ಒಂದೊಂದ್ಸಲ ಏನೇನೋ ಮಾತಾಡ್ತಾರೆ, ಬೇಜಾರು ಮಾಡ್ಕೋಬೇಡಿ.”

“ಅಯ್ಯೋ, ಪರವಾಗಿಲ್ಲ. ನಮಗೂ ಅಭ್ಯಾಸ ಇದೆ” ಎಂದರು ಹುಡುಗನ ತಾಯಿ. ಆಮೇಲೆ ಆ ಮಾತು ಆಡಬಾರದಿತ್ತು ಎಂಬಂತೆ ನೀರಿನ ಲೋಟ ಎತ್ತಿಕೊಂಡರು.

ಎಲ್ಲರೂ ತಲೆ ಬಾಗಿಸಿದೆವು. ನಾನು ಸೌಟು ಹಿಡಿದುಕೊಂಡೇ ಕಣ್ಣು ಮುಚ್ಚಿದೆ.

“ಪರಲೋಕದ ತಂದೆಯೇ” ಎಂದು ಅತ್ತೆ ಶುರು ಮಾಡಿದರು. “ಈ ಊಟಕ್ಕೆ ಸ್ತೋತ್ರ. ಮಾಡಿದ ಕೈಗೆ ಸ್ತೋತ್ರ. ಇವತ್ತು ಉಪ್ಪು ಸರಿಯಾಗಿದೆ, ವಾಸನೆಯಲ್ಲೇ ಗೊತ್ತಾಗುತ್ತೆ. ಈ ಮಕ್ಕಳಿಬ್ಬರನ್ನ ಒಂದು ಮಾಡ್ತಿದೀಯ, ಒಳ್ಳೇದು. ಹುಡುಗಿಗೆ ಕೋಪ ಮೂಗಿನ ತುದೀಲಿ, ಅದು ನಿನಗೆ ಗೊತ್ತು, ಹುಡುಗನಿಗೂ ಗೊತ್ತಾಗ್ಲಿ ಅಂತ ಹೇಳ್ದೆ.”

ಯಾರೋ ಮೂಗಿನಲ್ಲಿ ನಕ್ಕರು. ಹುಡುಗನ ತಂದೆ ಇರಬೇಕು. ನನಗೆ ಒಂದು ಕ್ಷಣ ಜೀವ ಬಂದಂತಾಯಿತು.

“ಕರ್ತನೇ, ಹುಡುಗನ ಟೈ ನೋಡು. ಎಷ್ಟು ಚೆನ್ನಾಗಿ ಕಟ್ಟಿದೆ. ಕಟ್ಟಿದವರು ಕೋಟು ಹಾಕ್ಕೊಂಡು ಮನೇಲಿ ಕೂತಿದಾರೆ. ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡ್ತಾ ಇದಾರೆ. ನಿನಗೆ ಕಾಣ್ತಿದೆ, ನನಗೂ ಇಲ್ಲಿಂದ ಕಾಣ್ತಿದೆ. ಗಂಟು ಬಂತು, ಗಂಟು ಕಟ್ಟಿದವರು ಬರಲಿಲ್ಲ. ನಾನೂ ಮುದುಕಿ. ನನ್ನನ್ನೂ ಇವತ್ತು ಒಳಗೆ ಮಲಗಿಸಬಹುದಿತ್ತು. ಮಲಗಿಸಲಿಲ್ಲ, ಸ್ತೋತ್ರ. ಆದರೆ ಅವರಿಲ್ಲದೆ ನನಗೆ ಗಂಟಲಲ್ಲಿ ಇಳಿಯಲ್ಲ. ಆದ್ದರಿಂದ ತಂದೆಯೇ, ನಾನು ಇಲ್ಲಿಗೆ ನಿಲ್ಲಿಸ್ತೀನಿ. ಅವರು ಬಂದ ಮೇಲೆ ಮುಂದುವರಿಸ್ತೀನಿ.”

ಅಷ್ಟೇ. ಆಮೆನ್ ಬರಲಿಲ್ಲ.

ನಾನು ಕಾದೆ. ಗಡಿಯಾರದ ಸದ್ದು ಕೇಳಿಸುತ್ತಿತ್ತು. ಮೆಲ್ಲಗೆ ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ನನ್ನ ಹಾಗೆಯೇ ಒಂದು ಕಣ್ಣು ಬಿಟ್ಟಿದ್ದರು, ಅತ್ತೆಯನ್ನು ಬಿಟ್ಟು. ಅವರು ಕೈ ಜೋಡಿಸಿ, ಕಣ್ಣು ಮುಚ್ಚಿ, ಬಸ್ಸಿಗೆ ಕಾಯುವವರ ಹಾಗೆ ನಿರಾಳವಾಗಿ ಕೂತಿದ್ದರು.

“ಅಮ್ಮ” ಎಂದರು ನಮ್ಮವರು ಹಲ್ಲು ಕಚ್ಚಿ. “ಆಮೆನ್ ಅನ್ನು.”

ಅತ್ತೆ ತಲೆಯನ್ನು ಇನ್ನಷ್ಟು ಬಾಗಿಸಿದರು.

“ಆಮೆನ್” ಎಂದು ಅವರೇ ಜೋರಾಗಿ ಹೇಳಿದರು. ಯಾರೂ ದನಿಗೂಡಿಸಲಿಲ್ಲ. ಹುಡುಗನ ತಾಯಿಯ ಮುಖ ಬಿಳುಚಿತ್ತು. ಅವರು ಮಗನ ಕಡೆ ತಿರುಗಿ, “ನೀನು ಹೇಳಿದ್ಯಾ?” ಎಂದರು. “ಕೇಳಿದ್ರು, ಹೇಳ್ದೆ” ಎಂದ ಅವನು.

“ನಮ್ಮ ಮನೆ ವಿಷಯ ಇದು” ಎಂದರು ಅವರು, ಯಾರಿಗೂ ಅಲ್ಲದ ಹಾಗೆ.

ನಮ್ಮವರು ನನ್ನ ಕಡೆ ತಿರುಗಿದರು. “ಬಡಿಸು.”

ಸೌಟು ನನ್ನ ಕೈಯಲ್ಲೇ ಇತ್ತು. ಸೂಪಿನ ಹಬೆ ಇನ್ನೂ ಏಳುತ್ತಿತ್ತು. ಮಗಳ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ನಿಂತಿತ್ತು. ಇದು ಮುರಿದರೆ ಅವಳು ನನ್ನನ್ನು ಕ್ಷಮಿಸುತ್ತಾಳೆಯೇ ಎಂಬ ಭಯ ನನಗೆ ಅಂಗಾಲಿನಿಂದ ಏರಿತು. ಬಡಿಸಿದರೆ ಎಲ್ಲವೂ ಸರಿಹೋಗುತ್ತದೆ. ಅತ್ತೆಯ ಮಾತು ಮುದುಕಿಯ ಮಾತಾಗಿ ಗಾಳಿಗೆ ಹೋಗುತ್ತದೆ, ನಾಳೆಯಿಂದ ಅವರ ಆಮೆನ್ನಿಗೆ ಯಾರೂ ಕಾಯುವುದಿಲ್ಲ. ನಾನು ಸೌಟನ್ನು ಪಾತ್ರೆಯ ಪಕ್ಕ ತಟ್ಟೆಯ ಮೇಲಿಟ್ಟೆ. ಪಾತ್ರೆಗೆ ಮುಚ್ಚಳ ಮುಚ್ಚಿದೆ.

“ಅತ್ತೆ ಇನ್ನೂ ಮುಗಿಸಿಲ್ಲ ರೀ” ಎಂದೆ.

ಆಗ ಹುಡುಗ ಎದ್ದ. ಕುರ್ಚಿ ಹಿಂದಕ್ಕೆ ಜಾರಿದ ಸದ್ದಿಗೆ ಅವನ ತಂದೆ, “ಕೂತ್ಕೊಳ್ಳೋ” ಎಂದರು.

“ಇಲ್ಲಪ್ಪ. ನಾನು ಹೋಗಿ ಕರ್ಕೊಂಡು ಬರ್ತೀನಿ. ಬೆಳಿಗ್ಗೆನೇ ಕರ್ಕೊಂಡು ಬರ್ಬೇಕಿತ್ತು.”

ಮಗಳು ಕಣ್ಣೊರೆಸಿಕೊಂಡು ಗೋಡೆಯ ಮೊಳೆಯಿಂದ ಅಂಗಡಿಯ ವ್ಯಾನಿನ ಕೀ ತೆಗೆದು ಅವನಿಗೆ ಚಾಚಿದಳು. “ತಗೋ. ಆಟೋಗೀಟೋ ಬೇಡ.” ನಮ್ಮವರು ಕೀಯನ್ನೂ ತಮ್ಮ ತಾಯಿಯನ್ನೂ ನೋಡಿದರು. ಆಮೇಲೆ ಎದ್ದು ಅವಳ ಕೈಯಿಂದ ಕೀ ಕಿತ್ತುಕೊಂಡರು.

“ಆ ವ್ಯಾನಿನ ಬಾಗಿಲು ನನ್ನ ಮಾತು ಬಿಟ್ಟು ಬೇರೆಯವರ ಮಾತು ಕೇಳಲ್ಲ” ಎಂದು ಗೊಣಗಿ, “ಬಾಪ್ಪ, ಹೋಗೋಣ” ಎಂದು ಹುಡುಗನ ಮುಂದೆ ಮೆಟ್ಟಿಲಿಳಿದರು. ಹುಡುಗನ ತಂದೆಯೂ, “ನಾನಿಲ್ಲದೆ ಅಪ್ಪ ವ್ಯಾನು ಹತ್ತಲ್ಲ” ಎಂದು ಹಿಂದೆ ಹೋದರು.

ಮೇಜಿನ ಸುತ್ತ ಹೆಂಗಸರೇ ಉಳಿದೆವು. ಅತ್ತೆ ಕಣ್ಣು ಬಿಟ್ಟಿರಲಿಲ್ಲ. ನಾನು ಬ್ರೆಡ್ಡಿನ ಮೇಲೆ ಬಟ್ಟೆ ಹೊದಿಸಿದೆ, ತೆಗೆದೆ, ಮತ್ತೆ ಹೊದಿಸಿದೆ.

“ಬೇಜಾರು ಮಾಡ್ಕೋಬೇಡಿ ಅಕ್ಕ” ಎಂದೆ.

ಹುಡುಗನ ತಾಯಿ ಸೆಟೆದು ಕೂತಿದ್ದರು. ಆಮೇಲೆ ಒಮ್ಮೆಲೇ ಅವರ ಭುಜ ಇಳಿಯಿತು. “ನಾನು ಕೆಟ್ಟವಳು ಅಂದ್ಕೊಂಡಿರ್ತೀರ” ಎಂದರು. “ಮಾವನಿಗೆ ದಿನಾ ಊಟ ಮಾಡಿಸೋದು ನಾನು. ಎಡಗೈಯಲ್ಲಿ ಗಲ್ಲ ಹಿಡ್ಕೋಬೇಕು, ಇಲ್ಲಾಂದ್ರೆ ಚೆಲ್ತಾರೆ. ಕಿವಿ ಕೇಳಲ್ಲ, ಒಂದು ಮಾತನ್ನ ಹತ್ತು ಸಲ ಕೂಗ್ಬೇಕು. ಗಂಡ, ಮಗ ಇಬ್ಬರೂ ಅವರನ್ನ ಪ್ರೀತಿ ಮಾಡ್ತಾರೆ, ಇಲ್ಲ ಅನ್ನಲ್ಲ. ಬಟ್ಟೆ ಒಗೆಯೋದು ನಾನು. ಇವತ್ತೊಂದು ದಿನ ನಾನೂ ಕೂತು ಬಿಸಿಯಾಗಿ ಊಟ ಮಾಡೋಣ ಅಂತ ಆಸೆ ಆಯ್ತು. ಅಷ್ಟೇ.”

ಅಷ್ಟು ಹೊತ್ತು ನಾನು ಅವರನ್ನು ಮನಸ್ಸಿನಲ್ಲಿ ಎದುರಾಳಿ ಕಡೆ ನಿಲ್ಲಿಸಿಕೊಂಡಿದ್ದೆ.

ಆಗ ಅತ್ತೆಯ ದನಿ ಬಂತು. ಕಣ್ಣು ಮುಚ್ಚಿಯೇ ಇತ್ತು. ಆಮೆನ್ ಹೇಳದಿದ್ದುದರಿಂದ ಪ್ರಾರ್ಥನೆ ಇನ್ನೂ ನಡೆಯುತ್ತಲೇ ಇತ್ತು.

“ಕರ್ತನೇ, ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಈ ಮಗಳ ಮನಸ್ಸು ನೋಯಿಸ್ದೆ, ಕ್ಷಮಿಸು. ದೊಡ್ಡವರಿಗೆ ಮರ್ಯಾದೆ ಕೊಡಿ ಅಂತ ಎಲ್ಲರೂ ಹೇಳ್ತಾರೆ, ಗಲ್ಲ ಹಿಡಿಯೋಕೆ ಒಬ್ಬಳೇ. ಇದು ನ್ಯಾಯ ಅಲ್ಲ, ನಿನಗೂ ಇಷ್ಟ ಇಲ್ಲ ಅಂತ ನನಗೆ ಗೊತ್ತು. ಇವತ್ತು ಇವಳ ಕೈಗೆ ರಜಾ. ಇವಳ ಮಾವನಿಗೆ ಊಟ ಮಾಡಿಸೋದು ಇವಳ ಗಂಡ. ಅವನಿಗೆ ಬರಲ್ಲ ಅಂದ್ರೆ ನನ್ನ ಮಗ ಕಲಿಸ್ತಾನೆ.”

“ಅಪ್ಪನಿಗೆ ಬರುತ್ತಾ?” ಎಂದು ಮಗಳು ನನ್ನ ಕಿವಿಯಲ್ಲಿ ಕೇಳಿದಳು.

“ಬರಲ್ಲ” ಎಂದೆ. “ಕಲೀತಾರೆ.”

ಹುಡುಗನ ತಾಯಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ, ಎರಡೂ ಇರಬೇಕು. ಆಮೇಲೆ ಎದ್ದು, “ಸೂಪು ಆರುತ್ತೆ, ಒಲೆ ಮೇಲಿಡೋಣ” ಎಂದು ನನ್ನ ಜೊತೆ ಅಡುಗೆಮನೆಗೆ ಬಂದರು.

ವ್ಯಾನಿನ ಸದ್ದು ಕೇಳಿ ಕೆಳಗೆ ಹೋದೆವು. ಮುದುಕರು ಕಂದು ಕೋಟು ಹಾಕಿಕೊಂಡಿದ್ದರು. ಟೈ ಕೂಡ ಕಟ್ಟಿದ್ದರು, ಮೊಮ್ಮಗನದರಷ್ಟೇ ಅಚ್ಚುಕಟ್ಟಾಗಿ. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದವರಂತೆ. ನಮ್ಮವರು ಒಂದು ಕಡೆ, ಅವರ ಮಗ ಇನ್ನೊಂದು ಕಡೆ ತೋಳು ಹಿಡಿದು ಇಳಿಸಿದರು. ಅಂಗಡಿಯೊಳಗೆ ಬಂದು ಅವರು ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಹತ್ತೋಕಾಗುತ್ತಾ ಅಜ್ಜ?” ಎಂದು ಹುಡುಗ ಅವರ ಕಿವಿಗೆ ಕೂಗಿದ.

“ಆಗಲ್ಲ” ಎಂದರು ಅವರು ಅಂಗಡಿ ತುಂಬುವಂಥ ದನಿಯಲ್ಲಿ. “ಕೇಳಿದ್ದು ಒಳ್ಳೇದಾಯ್ತು.”

“ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗೋಣ” ಎಂದರು ನಮ್ಮವರು. “ನಾನು ಇದಕ್ಕಿಂತ ಭಾರದ್ದು ಎಷ್ಟೋ ಹತ್ತಿಸಿದೀನಿ.”

“ನಾನು ಸೋಫಾ ಅಲ್ಲ” ಎಂದರು ಮುದುಕರು. ಕಿವಿ ಕೇಳದವರಿಗೆ ಅದು ಮಾತ್ರ ಹೇಗೆ ಕೇಳಿಸಿತೋ.

ಎಲ್ಲರೂ ಸ್ವಲ್ಪ ಹೊತ್ತು ಮೆಟ್ಟಿಲನ್ನೇ ನೋಡುತ್ತ ನಿಂತೆವು. ಮೇಜು ಮೇಲಿದೆ, ಮುದುಕರು ಕೆಳಗಿದ್ದಾರೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ ಎಂದು ಆಮೇಲೆ ಅನ್ನಿಸಿತು, ಆದರೆ ಆಗ ಯಾರಿಗೂ ಹೊಳೆಯಲಿಲ್ಲ. ಮೇಲಿನಿಂದ ಅತ್ತೆಯ ದನಿ ಇಳಿಯಿತು.

“ಕರ್ತನೇ, ಬಟ್ಟೆ ಕತ್ತರಿಸೋ ಮೇಜು ಕೆಳಗೇ ಇದೆ ಅಂತ ಇವರಿಗೆ ನೆನಪು ಮಾಡು. ನನ್ನನ್ನೂ ಯಾರಾದರೂ ಇಳಿಸಿ.”

ಹಾಗೆ ನಾವು ಊಟವನ್ನು ಕೆಳಗೆ ತಂದೆವು. ಕತ್ತರಿ, ಸೀಮೆಸುಣ್ಣ, ಅಳತೆ ಟೇಪು ಎಲ್ಲ ತೆಗೆದು ಕತ್ತರಿಸುವ ಮೇಜಿನ ಮೇಲೆ ಯಾರದೋ ಸೋಫಾಕ್ಕೆಂದು ತಂದಿಟ್ಟಿದ್ದ ನೀಲಿ ಬಟ್ಟೆ ಹಾಸಿದೆ. ಕಲೆ ಬಿದ್ದರೆ ಎಂಬ ಹೆದರಿಕೆ ಒಂದು ಸಲ ಬಂದುಹೋಯಿತು. ರಿಪೇರಿಗೆ ಬಂದಿದ್ದ ಕುರ್ಚಿಗಳೆಲ್ಲ ಮೇಜಿನ ಸುತ್ತ ಸೇರಿದವು. ಒಂದಕ್ಕೆ ಕೈಯಿಲ್ಲ, ಒಂದಕ್ಕೆ ಬೆನ್ನಿಲ್ಲ. ಹುಡುಗನ ತಾಯಿಗೆ ಅಂಗಡಿಯಲ್ಲಿದ್ದ ಕುರ್ಚಿಗಳಲ್ಲಿ ಒಳ್ಳೆಯದನ್ನು ನಮ್ಮವರೇ ಎಳೆದುಕೊಟ್ಟರು. ಅತ್ತೆಯನ್ನು ನಾನೂ ಮಗಳೂ ಇಳಿಸಿ ಮುದುಕರ ಎದುರು ಕೂರಿಸಿದೆವು.

ಅತ್ತೆ ಆಗ ಕಣ್ಣು ಬಿಟ್ಟರು. ಮುದುಕರ ಟೈಯನ್ನು ನೋಡಿ ತಲೆಯಾಡಿಸಿದರು. “ನಿಮಗೆಷ್ಟು ವಯಸ್ಸು?” ಎಂದು ಕೂಗಿ ಕೇಳಿದರು. ಮುದುಕರು ಹೇಳಿದರು. ಅತ್ತೆಗಿಂತ ದೊಡ್ಡವರು.

“ಹಾಗಾದ್ರೆ ಆಮೆನ್ ನಿಮ್ಮದು. ನನ್ನ ಪ್ರಾರ್ಥನೆ ಅರ್ಧಕ್ಕೆ ನಿಂತಿದೆ. ನೀವು ಮುಗಿಸಿ.”

ನಾನು ಅತ್ತೆಯನ್ನು ನೋಡಿದೆ. ಮಾವ ತೀರಿಕೊಂಡ ಮೇಲೆ ಆ ಜಾಗವನ್ನು ಅವರು ಪಾಸ್ಟರಿಗೂ ಬಿಟ್ಟುಕೊಟ್ಟವರಲ್ಲ. ಮೊಮ್ಮಗ ಅಜ್ಜನ ಕಿವಿಗೆ ಬಗ್ಗಿ ಹೇಳಿದ. ಮುದುಕರು ಕೈ ಜೋಡಿಸಿ ಕಣ್ಣು ಮುಚ್ಚಿದರು. ಇನ್ನು ಆಮೆನ್ ಒಂದೇ ಬಾಕಿ ಎಂದು ನಾನು ಸೌಟು ಕೈಗೆ ತೆಗೆದುಕೊಂಡೆ. ಅದು ನನ್ನ ತಪ್ಪು ಲೆಕ್ಕ. ಅವರ ಪ್ರಾರ್ಥನೆ ಅತ್ತೆಯದಕ್ಕಿಂತ ಉದ್ದ.

“ದೇವರೇ, ಇವತ್ತು ರಸ್ತೆ ಚೆನ್ನಾಗಿರಲಿ. ಬ್ರೇಕು ಸರಿಯಾಗಿ ಹಿಡೀಲಿ. ಮಕ್ಕಳು ಕಿಟಕಿಯಿಂದ ಕೈ ಆಚೆ ಹಾಕದೆ ಇರ್ಲಿ. ಹಿಂದಿನ ಸೀಟಿನವರು ಜಗಳ ಆಡದೆ ಇರ್ಲಿ...” ಹೀಗೆ ಒಂದೊಂದು ಮಗುವನ್ನೂ ಹತ್ತಿಸಿಕೊಂಡು, ಬೀದಿ ಬೀದಿ ಸುತ್ತಿಕೊಂಡು ಹೋದರು. ಆ ಮಕ್ಕಳಿಗೆ ಈಗ ಮೊಮ್ಮಕ್ಕಳಿರಬಹುದು. ಸೂಪು ಎರಡನೆಯ ಸಲ ಆರತೊಡಗಿತು. ನಾನು ಕದ್ದು ನಮ್ಮವರ ಕಡೆ ನೋಡಿದೆ. ಅವರು ಗಡಿಯಾರ ನೋಡುತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ್ದರು, ಚಿಕ್ಕ ಹುಡುಗರು ಮುಚ್ಚುವ ಹಾಗೆ.

“ಮತ್ತೆ ದೇವರೇ” ಎಂದರು ಮುದುಕರು ಕೊನೆಗೆ, “ಬಾಗಿಲು ಹಾಕೋ ಮುಂಚೆ ಒಂದ್ಸಲ ತಿರುಗಿ ನೋಡೋ ಬುದ್ಧಿ ಕೊಡು. ಯಾರೂ ಸ್ಟಾಪಲ್ಲಿ ಉಳಿದುಹೋಗಬಾರದು. ಆಮೆನ್.”

“ಆಮೆನ್” ಎಂದೆವು ಎಲ್ಲರೂ. ಹುಡುಗನ ತಾಯಿಯ ದನಿ ಎಲ್ಲರಿಗಿಂತ ಜೋರಾಗಿತ್ತು.

ನಾನು ಮೊದಲ ತಟ್ಟೆಯನ್ನು ಹುಡುಗನ ತಾಯಿಯ ಮುಂದೆಯೇ ಇಟ್ಟೆ, ಬಿಸಿ ಇರುವಾಗಲೇ ತಿನ್ನಲಿ ಎಂದು. ಅವರ ಕೈ ಅಭ್ಯಾಸಬಲದಿಂದ ಮಾವನ ಕಡೆ ಹೋಯಿತು. ಅಷ್ಟರಲ್ಲಿ ಅವರ ಗಂಡ ಚಮಚ ಎತ್ತಿಕೊಂಡು, “ಎಡಗೈಯಲ್ಲಿ ಗಲ್ಲನಾ?” ಎಂದು ಕೇಳಿದರು. “ಗಲ್ಲ” ಎಂದರು ಅವರು. “ಮೆತ್ತಗೆ.” ಮೊದಲ ಚಮಚ ಕೋಟಿನ ಮೇಲೆ ಹೋಯಿತು. ಎರಡನೆಯದು ಸರಿಯಾಗಿ ಹೋಯಿತು. ನಮ್ಮವರು ತಮ್ಮ ತಟ್ಟೆ ಬಿಟ್ಟು ಅದನ್ನೇ ಗಮನವಿಟ್ಟು ನೋಡುತ್ತಿದ್ದರು, ಹೊಸ ಥರದ ಸ್ಪ್ರಿಂಗು ಕಂಡಾಗ ನೋಡುವ ಹಾಗೆ.

ಊಟವಾದ ಮೇಲೆ ಮದುವೆಯ ಮಾತು ಬಂತು. ಹುಡುಗನ ತಂದೆ, “ಯಾವಾಗ ಇಟ್ಕೊಳ್ಳೋಣ? ನೀವೇ ಹೇಳಿ” ಎಂದು ನಮ್ಮವರನ್ನು ಕೇಳಿದರು. ನಮ್ಮವರು ಬಾಯಿ ತೆರೆದರು. ಅವರ ಮನಸ್ಸಿನಲ್ಲಿ ತಾರೀಕು ಸಿದ್ಧವಾಗಿತ್ತು, ನನಗೆ ಗೊತ್ತು. ಬಾಯಿ ಮುಚ್ಚಿದರು. ತಾಯಿಯ ಕಡೆ ತಿರುಗಿದರು.

“ಅಮ್ಮ, ನೀನೇನಂತೀಯ?”

ಅತ್ತೆ ಕೈ ಜೋಡಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಮಗನ ಮುಖಕ್ಕೆ ನೇರವಾಗಿ ಹೇಳಿದರು.

“ಯಾವಾಗ ಅನ್ನೋದು ಆಮೇಲೆ. ಮೊದಲು ಮೆಟ್ಟಿಲಿಲ್ಲದ ಜಾಗ ಹುಡುಕಿ.”